ಕೊಳ್ಳದೆ ಬಿಟ್ಟ ಪಂಚಾಂಗ

ಒಂದೇ ಒಂದು ಬೆಂಕಿಪೊಟ್ಟಣದಲ್ಲಿ ನಾನು ಹದಿನಾಲ್ಕು ತಿಂಗಳು ಸಂಸಾರ ನಡೆಸಿದ್ದೇನೆ. ಕೊನೆಗೆ ಎಣಿಸಿ ನೋಡಿದಾಗ ಪೊಟ್ಟಣದಲ್ಲಿ ಕೊಂಡ ದಿನ ಇದ್ದದ್ದಕ್ಕಿಂತ ಎರಡು ಕಡ್ಡಿ ಹೆಚ್ಚೇ ಇದ್ದವು. ನಂಬದವರು ಆದವಾನಿಗೆ ಬಂದು ಯಾರನ್ನಾದರೂ ಕೇಳಬಹುದು. ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು.

ಹತ್ತಿಯ ಬೆಲೆ ಬಿದ್ದ ಕಾಲ ಅದು, ಸಾವಿರದ ಒಂಬೈನೂರ ಮೂವತ್ತು. ಬಿದ್ದದ್ದೆಂದರೆ ಸುಮ್ಮನೆ ಬೀಳಲಿಲ್ಲ. ಬಾವಿಗೆ ಬಿದ್ದ ಕೊಡದ ಹಾಗೆ ಸದ್ದು ಮಾಡಿಕೊಂಡು ಬಿತ್ತು. ಆ ಸದ್ದು ಎಮ್ಮಿಗನೂರಿನ ಮಗ್ಗದವರಿಗೂ ಚಿಪ್ಪಗಿರಿಯ ರೈತರಿಗೂ ಒಂದೇ ದಿನ ಕೇಳಿಸಿತು. ನಾನು ಗುಮಾಸ್ತನಾಗಿದ್ದ ಜಿನ್ನಿಂಗ್ ಮಿಲ್ಲಿನಲ್ಲಿ ವಾರಕ್ಕೆ ಆರು ದಿನ ತಿರುಗುತ್ತಿದ್ದ ಯಂತ್ರ ದೀಪಾವಳಿಯ ಹೊತ್ತಿಗೆ ಮೂರು ದಿನಕ್ಕೆ ಇಳಿಯಿತು. ಸಂಬಳವೂ ಅದರ ಕೈ ಹಿಡಿದುಕೊಂಡು ಅರ್ಧಕ್ಕೆ ಇಳಿಯಿತು. ಮಿಕ್ಕ ಗುಮಾಸ್ತರು ಹತ್ತಿಯ ಮೂಟೆಗೆ ತಲೆಯಿಟ್ಟು ಅತ್ತರು. ನಾನೊಬ್ಬನೇ ಮಾಲೀಕರ ಮುಂದೆ ನಿಂತು, ಇನ್ನೂ ನಾಲ್ಕು ರೂಪಾಯಿ ಕಡಿಮೆ ಮಾಡಿದರೂ ನನಗೇನೂ ಆಗದು ಎಂದೆ. ಮಾಲೀಕರ ಕಣ್ಣಲ್ಲಿ ನೀರು ಬಂತು. ಅವರಿಗೆ ಹತ್ತಿಯ ಧೂಳು ಆಗುತ್ತಿರಲಿಲ್ಲ ಎಂಬ ಮಾತೂ ಉಂಟು.

ಮನೆಯಲ್ಲಿ ನಾವು ಮೂವರು. ನಾನು, ವೆಂಕೋಬರಾಯ; ನನ್ನ ಹೆಂಡತಿ ಅಂಬೂಬಾಯಿ; ನನ್ನ ತಂದೆಯ ತಂಗಿ ಜಾನಕಿಬಾಯಿ. ಒಬ್ಬಳೇ ಮಗಳು ಮದುವೆಯಾಗಿ ರಾಯಚೂರು ಸೇರಿದ್ದಳು. ಅತ್ತೆ ಹದಿನಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವರು. ಅಲ್ಲಿಂದ ನಲವತ್ತೊಂದು ವರ್ಷ, ತಿಂಗಳಿಗೆ ಎರಡರಂತೆ, ಒಂದೇ ಒಂದು ಏಕಾದಶಿಯನ್ನೂ ಅವರು ತಪ್ಪಿಸಿರಲಿಲ್ಲ. ಅಂದು ಊಟವಿಲ್ಲ, ಫಲಾಹಾರವಿಲ್ಲ, ಒಂದು ಉದ್ಧರಣೆ ತೀರ್ಥ ಬಿಟ್ಟರೆ ಹನಿ ನೀರಿಲ್ಲ. ಜ್ವರ ಬಂದಾಗಲೂ ಬಿಡಲಿಲ್ಲ. ಪ್ಲೇಗಿನ ವರ್ಷ ಊರಿಗೆ ಊರೇ ಬಯಲಿನ ಗುಡಿಸಲುಗಳಲ್ಲಿದ್ದಾಗಲೂ ಬಿಡಲಿಲ್ಲ. "ನನ್ನ ಹತ್ರ ಬಂಗಾರ ಇಲ್ಲ, ಹೊಲ ಇಲ್ಲ, ಹೊಟ್ಟೀಲೆ ಹುಟ್ಟಿದವ್ರಿಲ್ಲ," ಎನ್ನುತ್ತಿದ್ದರು. "ಮ್ಯಾಲೆ ಹೋದಾಗ ತೋರಸ್ಲಿಕ್ಕೆ ಇದೊಂದೇ ಅದ."

ಇಂಥ ಮನೆಯಲ್ಲಿ ಖರ್ಚು ಕಡಿಮೆ ಮಾಡುವುದು ಎಷ್ಟು ಸುಲಭವಾಗಿರಬೇಕು, ನೀವೇ ಹೇಳಿ. ಆದರೆ ಇಬ್ಬರು ಹೆಂಗಸರೂ ಸೇರಿ ನನ್ನ ತಲೆ ತಿಂದ ಹಾಗೆ ಆ ವರ್ಷ ಹತ್ತಿಯ ಬೆಲೆಯೂ ತಿನ್ನಲಿಲ್ಲ.

ಮೊದಲು ದೇವಸ್ಥಾನದ ಓಣಿಯ ಮನೆ ಬಿಟ್ಟೆ. ಊರಂಚಿನಲ್ಲಿ, ಮಿಲ್ಲಿನ ಹಿಂದೆ, ಕಡಿಮೆ ಬಾಡಿಗೆಯ ಎರಡಂಕಣದ ಮನೆ ಹಿಡಿದೆ. ಸುತ್ತ ನಮ್ಮವರ ಮನೆ ಒಂದೂ ಇರಲಿಲ್ಲ. ಗೋಡೆಯಾಚೆ ಕುರಿ ಸಾಕುವ ಮಲ್ಲಯ್ಯ, ಅವನ ಹೆಂಡತಿ ಹುಸೇನಮ್ಮ. ಪೀರ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ್ದಕ್ಕೆ ತಾಯಿತಂದೆ ಇಟ್ಟ ಹೆಸರದು. ಅವಳ ಒಲೆ ದಿನವಿಡೀ ಉರಿಯುತ್ತಿತ್ತು. ಅದನ್ನು ನೋಡಿದ ಕೂಡಲೇ ನನ್ನ ಬೆಂಕಿಪೊಟ್ಟಣದ ಮಹಾಯೋಜನೆ ಹುಟ್ಟಿತು: ಬೆಳಿಗ್ಗೆ ಸಂಜೆ ಸೌಟು ಹಿಡಿದು ಹೋಗಿ ಎರಡು ಕೆಂಡ ತಂದರಾಯಿತು, ಕಡ್ಡಿ ಗೀರುವ ಮಾತೇ ಇಲ್ಲ.

"ಅಗ್ನಿಗೆ ಮೈಲಿಗಿ ಇಲ್ಲ, ಖರೆ," ಎಂದರು ಅತ್ತೆ. "ಆದ್ರ ಆ ಸೌಟಿಗೆ ಅದ. ಅದನ್ನ ಒಳಗ ತರಬ್ಯಾಡ."

"ಅಲ್ರೀ, ಬೆಂಕಿಪೊಟ್ಟಣ ಎಷ್ಟಕ್ಕ ಬರ್ತದ?" ಎಂದಳು ಅಂಬೂ.

"ಎಷ್ಟಕ್ಕರೆ ಬರ್ಲಿ. ಬಾಜೂ ಮನ್ಯಾಗ ಪುಕ್ಕಟೆ ಉರಿಯೋವಾಗ ನಾವ್ಯಾಕ ಗೀರಬೇಕು?"

"ಪುಕ್ಕಟೆ! ಹುಸೇನಮ್ಮಗ ವಾರಕ್ಕ ಒಂದು ಚಂಬು ಮಜ್ಜಿಗಿ, ಒಂದು ಬಟ್ಲ ಉಪ್ಪಿನಕಾಯಿ ಯಾರು ಕೊಡ್ತಾರ? ನಾ ಕೊಡ್ತೀನಿ. ಅದರ ರೊಕ್ಕದಾಗ ಓಣಿ ಮಂದಿಗೆಲ್ಲಾ ಬೆಂಕಿಪೊಟ್ಟಣ ಹಂಚಬಹುದು."

"ಉಪ್ಪಿನಕಾಯಿ ಮನ್ಯಾಗಿಂದು. ಮನ್ಯಾಗಿಂದು ಖರ್ಚು ಅಲ್ಲ. ಅಂಗಡಿಯವಗ ಕೊಟ್ರ ಮಾತ್ರ ಅದು ಖರ್ಚು."

ಅಂಬೂ ಹಣೆಗೆ ಕೈ ಹಚ್ಚಿಕೊಂಡು ಒಳಗೆ ಹೋದಳು. ಆ ವರ್ಷ ಆಕೆಯ ಕೈ ಹಣೆಯನ್ನು ಬಿಟ್ಟು ಬೇರೆಡೆ ಇದ್ದದ್ದು ನನಗೆ ನೆನಪಿಲ್ಲ.

ಆಮೇಲೆ ಚಪ್ಪಲಿ. ಸವೆಯುವುದು ನಡೆದಾಗ ತಾನೇ? ಮನೆಯಿಂದ ಮಿಲ್ಲಿನ ಬಾಗಿಲವರೆಗೆ ಅವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ, ಬಾಗಿಲಲ್ಲಿ ಮೆಟ್ಟಿಕೊಳ್ಳುತ್ತಿದ್ದೆ. ಹೀಗೆ ಒಂದು ಜೊತೆ ಚಪ್ಪಲಿ ನನಗಿಂತ ಹೆಚ್ಚು ಕಾಲ ಬದುಕುವ ಲಕ್ಷಣ ಕಂಡಿತು. ಹುಸೇನಮ್ಮ ಗೋಡೆಯ ಮೇಲಿಂದ ನೋಡಿ, "ಏಮಿ ಸಾಮೀ, ಚಪ್ಪಲಿಗೆ ಕಾಲು ನೋಯ್ತಾವೇನು? ಎತ್ಕೊಂಡು ಹೊಂಟೀರಿ!" ಎಂದಳು. ವಿದ್ಯೆಯಿಲ್ಲದವರ ಮಾತಿಗೆ ಉತ್ತರ ಕೊಡುವುದೂ ಒಂದು ಖರ್ಚೇ ಎಂದು ನಾನು ಸುಮ್ಮನೆ ನಡೆದೆ. ಮುಳ್ಳು ಚುಚ್ಚಿದಾಗಲೂ ಸುಮ್ಮನೆ ನಡೆದೆ.

ಕಾಫಿಯ ವಿಷಯದಲ್ಲಿ ಮಾತ್ರ ಮನೆಯಲ್ಲಿ ದಂಗೆಯೇ ಆಯಿತು. ಒಂದೇ ಪುಡಿಯನ್ನು ಮೂರು ದಿನ ಕುದಿಸುವ ವಿದ್ಯೆ ನಾನು ಕಂಡುಹಿಡಿದೆ. ಮೊದಲ ದಿನ ಕಾಫಿ. ಎರಡನೆಯ ದಿನ ಕಾಫಿಯ ತಮ್ಮ. ಮೂರನೆಯ ದಿನ ನೀರಿಗೆ ಕಾಫಿಯ ನೆನಪು. ಅದೂ ದುಬಾರಿಯೆನಿಸಿ ಸಂಕ್ರಾಂತಿಯ ಹೊತ್ತಿಗೆ ಪುಡಿಯನ್ನೇ ನಿಲ್ಲಿಸಿ, ಹುರಿದ ಕೊತ್ತಂಬರಿ ಬೀಜದ ಕಷಾಯ ತಂದೆ. ಅಂಬೂ ಅದನ್ನು ಒಂದು ಗುಟುಕು ಕುಡಿದು, ಉಳಿದದ್ದನ್ನು ತುಳಸಿ ಗಿಡಕ್ಕೆ ಹಾಕಲು ಹೋಗಿ, ತುಳಸಿಗೆ ಪಾಪವೆಂದು ಬಚ್ಚಲಿಗೆ ಚೆಲ್ಲಿದಳು.

"ನಮ್ಮದು ಇರ್ಲಿ," ಎಂದಳು. "ಅತ್ತಿಯವರಿಗೆ ದ್ವಾದಶಿ ದಿನ ಒಂದು ಲೋಟ ಕಾಫಿ ಬೇಕ ಬೇಕು. ಹಿಂದಿನ ದಿನ ಪೂರಾ ಒಣಗಿರ್ತಾರ. ಅದಕ್ಕರೆ ಒಂದು ಚಮಚಾ ಪುಡಿ ತರ್ರಿ."

ನಿಜ. ಏಕಾದಶಿಯ ಮಾರನೆಯ ಬೆಳಿಗ್ಗೆ, ದ್ವಾದಶಿಯ ಪಾರಣೆಯ ಊಟ ಮುಗಿಸಿ, ಹಿತ್ತಲ ಕಟ್ಟೆಯ ಮೇಲೆ ಕುಳಿತು ಹಬೆಯಾಡುವ ಕಾಫಿ ಕುಡಿಯುವುದು ಅತ್ತೆಯ ಒಂದೇ ಒಂದು ಚಪಲವಾಗಿತ್ತು. ಆದರೆ ಒಬ್ಬರಿಗೆ ತಂದರೆ ಕಟ್ಟು ಮುರಿಯಿತು. "ನಾಕು ದಿನ ಕಷ್ಟ, ಅತ್ಯಾ. ಕಾಲ ತಿರುಗ್ತದ," ಎಂದೆ.

"ತಿರುಗ್ಲಿಪಾ," ಎಂದರು ಅತ್ತೆ. ಮತ್ತೆ ಕಾಫಿಯ ಮಾತೆತ್ತಲಿಲ್ಲ.

ಹೀಗೆ ಯುಗಾದಿ ಬಂತು. ನಮ್ಮ ಮನೆಗಳಲ್ಲಿ ಯುಗಾದಿಗೆ ಬೇವುಬೆಲ್ಲದಷ್ಟೇ ಮುಖ್ಯ ಹೊಸ ಪಂಚಾಂಗ. ಅದನ್ನು ದೇವರ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಗಟ್ಟಿಯಾಗಿ ಓದಿ, ಆಮೇಲೆ ಗೋಡೆಯ ಮೊಳೆಗೆ ತೂಗುಹಾಕುತ್ತೇವೆ. ಯಾವ ದಿನ ಉಣ್ಣಬೇಕು, ಯಾವ ದಿನ ಉಣ್ಣಬಾರದು, ಎಲ್ಲ ಅದರಲ್ಲಿ. ಅಂಬೂ ನನ್ನ ಕೈಗೆ ಎರಡಾಣೆ ಕೊಟ್ಟು ಪೇಟೆಗೆ ಕಳುಹಿಸಿದಳು.

ನಾನು ಬರಿಗೈಯಲ್ಲಿ ಮರಳಿದೆ.

"ಪಂಚಾಂಗ ಎಲ್ಲಿ?"

"ಇಲ್ಲೇ ಅದ," ಎಂದು ನನ್ನ ತಲೆ ಮುಟ್ಟಿ ತೋರಿಸಿದೆ. "ನಮ್ಮ ಮುತ್ತಜ್ಜಗ ಗ್ರಹಣ ಸುದ್ದಾ ಅಂಜ್ತಿತ್ತು. 'ತಡಿ, ಸ್ನಾನಾ ಮುಗಿಸಿ ಬರ್ತೀನಿ' ಅಂದ್ರ ನಿಂತು ಬಿಡ್ತಿತ್ತು. ಅವರ ಮನ್ಯಾಗ ಹುಟ್ಟಿ ನಾ ಎರಡಾಣೆ ಕೊಟ್ಟು ತಿಥಿ ತಿಳ್ಕೋಬೇಕೇನು? ಬೆರಳ ಮ್ಯಾಲೆ ಲೆಕ್ಕ ಹಾಕಿ ಹೇಳ್ತೀನಿ."

"ಎರಡಾಣೆ ಏನಾತು?"

"ಉಳಿತಾಯದ ಡಬ್ಬಿಗೆ ಹಾಕೀನಿ." ಆ ಡಬ್ಬಿಯ ಕೀಲಿ ನನ್ನ ಜನಿವಾರದಲ್ಲಿ ತೂಗುತ್ತಿತ್ತು.

ಅಂಬೂ ಹಣೆಗೆ ಕೈ ಹಚ್ಚಿಕೊಂಡಳು. ಅತ್ತೆ ಮಾತ್ರ ಎದ್ದು ನನ್ನ ಹತ್ತಿರ ಬಂದರು. "ವೆಂಕೋಬಾ, ಖರೇನ ಬರ್ತದೇನೋ ಲೆಕ್ಕ? ಬೆಳಗಿನ ಜಾವಕ್ಕ ದಶಮಿ ಒಂದು ಚೂರು ಉಳಿದಿದ್ರೂ ಉಪವಾಸ ಮರುದಿನಕ್ಕ ಹಿಡೀಬೇಕು. ಅದನ್ನೆಲ್ಲಾ ಪಂಚಾಂಗದವರು ನೋಡಿ ಬರದಿರ್ತಾರ."

"ನಾ ಹೇಳಿದ ದಿನ ಏಕಾದಶಿ ಅಲ್ಲಂದ್ರ ಚಂದ್ರನ್ನ ಕೆಳಗಿಳಿಸಿ ಕೇಳ್ರಿ, ಅತ್ಯಾ."

ಅತ್ತೆ ನನ್ನ ಮುಖವನ್ನೇ ನೋಡುತ್ತ ನಿಂತರು. "ನಲವತ್ತೊಂದು ವರ್ಷ ನಿನ್ನ ನಾಲಿಗಿ ಮ್ಯಾಲೆ ಇಡ್ಲಿಕ್ಕತ್ತೀನಿ, ನೋಡಪಾ," ಎಂದರು.

ನನ್ನ ನಾಲಿಗೆಯ ಮೇಲೆ ಹಿಮಾಲಯ ಇಟ್ಟರೂ ಅಲುಗದು ಎಂದೆ.

ಮುಂದಿನ ಮೂರು ತಿಂಗಳು ನನ್ನ ವಿದ್ಯೆಯನ್ನು ನೀವು ನೋಡಬೇಕಿತ್ತು. ಹದಿನೈದು ದಿನಕ್ಕೊಮ್ಮೆ ಅಂಗಳದಲ್ಲಿ ನಿಂತು, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಬೆರಳ ಗೆಣ್ಣಿನ ಮೇಲೆ ಓಡಿಸಿ, ತುಟಿ ಪಿಟಪಿಟ ಮಾಡಿ, "ಶುಕ್ರವಾರ ಏಕಾದಶಿ!" ಎಂದು ಕೂಗಿದರೆ ಗೋಡೆಯಾಚೆಯ ಕುರಿಗಳು ಮೇಯುವುದನ್ನು ಬಿಟ್ಟು ತಲೆಯೆತ್ತುತ್ತಿದ್ದವು. ಮಿಲ್ಲಿನಲ್ಲಿ ನನ್ನ ಹೆಸರು ಹಬ್ಬಿತು. ಹಬ್ಬಿಸಿದವನು ನಾನೇ ಎಂಬುದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ. ಕೂಗುವ ದಿನ ಮಾತ್ರ ಹುಸೇನಮ್ಮನ ಮನೆಯಿಂದ ಕೆಂಡ ತರುವುದು ಸ್ವಲ್ಪ ತಡವಾಗುತ್ತಿತ್ತು. ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ನೀವೂ ಕೇಳಬೇಡಿ.

ಇನ್ನೊಂದು ಅದ್ಭುತವೂ ಆಗ ನಡೆಯಿತು. ಮನೆಯ ಅಕ್ಕಿ ತಿಂಗಳು ದಾಟಿಯೂ ಉಳಿಯತೊಡಗಿತು. ನನ್ನ ಉಳಿತಾಯದ ಮರ್ಮ ಅಕ್ಕಿಗೇ ತಿಳಿಯಿತೆಂದು ನಾನು ಹಿಗ್ಗಿದೆ.

"ಅಕ್ಕಿ ಉಳಿದದ್ದು ನಿಮ್ಮಿಂದಲ್ಲ," ಎಂದಳು ಅಂಬೂ. "ಅತ್ತಿಯವರು ಪಾರಣಿ ದಿನ ಊಟಾ ಮಾಡವಲ್ರು. ಒಂದು ಉದ್ಧರಣಿ ತೀರ್ಥ ತೊಗೊಂಡು ಎದ್ದು ಬಿಡ್ತಾರ. ಕೇಳಿದ್ರ ಹೊಟ್ಟಿ ಭಾರ ಅಂತಾರ. ಮೈ ನೋಡೀರೇನು, ಬಳಿ ಹಾಕಿದ್ರ ಭುಜಕ್ಕ ಏರ್ತಾವ. ವೈದ್ಯರನ್ನರೆ ಕರೀರಿ."

"ವೈದ್ಯ! ಒಂದು ಪುಡಿ ಕಟ್ಟಿಕೊಟ್ಟು ಎಂಟಾಣೆ ತೊಗೋತಾನ. ವಯಸ್ಸಾದ ಮ್ಯಾಲೆ ಹೊಟ್ಟಿ ತಾನ ಉಳಿತಾಯ ಕಲೀತದ. ನಿನ್ನ ಹೊಟ್ಟಿಗೂ ಸ್ವಲ್ಪ ಹೇಳು."

ಅಂದು ಆಕೆ ಹಣೆಗೆ ಕೈ ಹಚ್ಚಲಿಲ್ಲ. ಸುಮ್ಮನೆ ನನ್ನನ್ನು ನೋಡಿದಳು. ಅದಕ್ಕಿಂತ ಹಣೆಯೇ ವಾಸಿಯಾಗಿತ್ತು.

ಜೂನ್ ತಿಂಗಳು ಬಂತು. ನನ್ನ ಬೆರಳ ಲೆಕ್ಕದಲ್ಲಿ ಆಷಾಢದ ಪ್ರಥಮೈಕಾದಶಿ ಹತ್ತಿರವಾಯಿತು. ಎಂಥ ದಿನ! ಅಂದಿನಿಂದ ನಾಲ್ಕು ತಿಂಗಳು ಚಾತುರ್ಮಾಸ್ಯ. ಮೊದಲ ತಿಂಗಳು ಶಾಕವ್ರತ. ತರಕಾರಿ ಇಲ್ಲ, ಹುಣಸೆ ಇಲ್ಲ, ಮೆಣಸಿನಕಾಯಿ ಇಲ್ಲ. ಮುಂದಿನ ತಿಂಗಳು ಮೊಸರಿಲ್ಲ, ಅದರ ಮುಂದೆ ಹಾಲಿಲ್ಲ, ಆಮೇಲೆ ಬೇಳೆಯಿಲ್ಲ. ಬಿಕ್ಕಟ್ಟಿನ ಕಾಲ ಬರುತ್ತದೆಂದು ಹಿರಿಯರಿಗೆ ಮೊದಲೇ ಗೊತ್ತಿತ್ತೆಂದು ನನಗೆ ಖಚಿತವಾಯಿತು. "ಗುರುವಾರ ಪ್ರಥಮೈಕಾದಶಿ!" ಎಂದು ಕೂಗಿದೆ.

"ಇಷ್ಟು ಲಗೂನ?" ಎಂದಳು ಅಂಬೂ. "ಇನ್ನ ಮಾವಿನಹಣ್ಣು ಮುಗಿದಿಲ್ಲ. ಪ್ಯಾಟ್ಯಾಗ ಬದನೀಕಾಯಿ ರಾಶಿ ಬಿದ್ದು ಪುಕ್ಕಟೆ ಆದಂಗ ಆಗ್ಯಾವ. ಒಂದು ಹದಿನೈದು ದಿನ ತಿಂದ್ರ ಏನಾಗ್ತದ?"

"ಪುಕ್ಕಟೆ ಆದಂಗ ಬ್ಯಾರೆ, ಪುಕ್ಕಟೆ ಬ್ಯಾರೆ. ಚಂದ್ರ ನಿನ್ನ ಬದನೀಕಾಯಿ ಸಲುವಾಗಿ ಕಾಯ್ತಾನೇನು?"

ಗುರುವಾರ ಮೂವರೂ ಉಪವಾಸ ಮಾಡಿದೆವು. ಶುಕ್ರವಾರ ನಾನೂ ಅಂಬೂ ಸಪ್ಪೆ ಹೆಸರುಬೇಳೆಯಲ್ಲಿ ಪಾರಣೆ ಮುಗಿಸಿದೆವು. ಅತ್ತೆ ಹೊಟ್ಟೆ ಭಾರವೆಂದು ತೀರ್ಥ ತೆಗೆದುಕೊಂಡು ಎದ್ದರು.

ಶನಿವಾರ ಮಿಲ್ಲಿಗೆ ರಜೆ. ಬೆಳಿಗ್ಗೆ ಹಿತ್ತಲಿನಲ್ಲಿ ದಢಾರ್ ಎಂದು ಸದ್ದಾಯಿತು. ಓಡಿಹೋಗಿ ನೋಡಿದರೆ ತಾಮ್ರದ ಬಿಂದಿಗೆ ಬಾವಿಕಟ್ಟೆಯ ಕಲ್ಲಿಗೆ ಬಡಿದು ಬಿದ್ದಿದೆ, ಹೊಟ್ಟೆಯಲ್ಲಿ ಬೊಗಸೆಯಷ್ಟು ತಗ್ಗು.

"ಹಾಳಾತು! ಇದನ್ನ ತಟ್ಟಿಸ್ಲಿಕ್ಕೆ ಮೂರಾಣೆ! ನಾ ಒಂದೊಂದು ಕಡ್ಡಿ ಉಳಿಸ್ಬೇಕು, ನೀವು ಬಿಂದಿಗಿ ಬಿಂದಿಗಿ ಒಡೀಬೇಕು. ಈ ಮನ್ಯಾಗ ಯಾರಿಗರೆ..."

ಆಗ ಕಂಡರು ಅತ್ತೆ. ಒಗೆಯುವ ಕಲ್ಲಿಗೆ ಒರಗಿ ನೆಲದ ಮೇಲೆ ಕುಳಿತಿದ್ದರು. ತುಟಿ ಸುಣ್ಣದ ಹಾಗೆ ಬಿಳುಪಾಗಿತ್ತು. "ಬೈಬ್ಯಾಡೋ," ಎಂದರು. "ಕೈಯಾಗ ಬಲಾ ಇಲ್ಲ. ಸ್ನಾನಾ ಮಾಡಿ ಉಣಬೇಕಂತ ನೀರು ಸೇದ್ಲಿಕ್ಕೆ ಬಂದೆ."

ಅಂಬೂ ಓಡಿಬಂದು ಅವರನ್ನು ಹಿಡಿದುಕೊಂಡಳು. ಸರಿಯಾಗಿ ಆ ಗಳಿಗೆಯಲ್ಲಿ ಮುಂಬಾಗಿಲಿನಿಂದ, "ಭಾವಾ, ಅದೀರೇನ್ರಿ?" ಎಂಬ ದನಿ ಕೇಳಿತು. ಅಂಬೂಬಾಯಿಯ ತಮ್ಮ ನರಸಿಂಹ ಮದ್ದಿಕೇರದಿಂದ ಬಂದಿದ್ದ. ಕೈಯಲ್ಲೊಂದು ದೊಡ್ಡ ಕಂಚಿನ ಪಾತ್ರೆ. ಪಾತ್ರೆಯ ಬಾಯಿಗೆ ಹೊಸ ಧೋತರ ಕಟ್ಟಿತ್ತು. ಹಿತ್ತಲಿಗೇ ಬಂದು, ಅತ್ತೆಯನ್ನು ನೋಡಿ ಗಾಬರಿಯಾದ.

"ಏನಿಲ್ಲಪಾ, ತಲಿ ತಿರುಗಿತು, ಅಷ್ಟ," ಎಂದರು ಅತ್ತೆ. "ಕೈಯಾಗ ಏನದು?"

"ಅತಿರಸ ಅತ್ತಿ. ಮೂವತ್ಮೂರು. ಅಧಿಕ ಮಾಸಕ್ಕ ಅಳಿಯಗ ಕೊಡಬೇಕಲ್ಲ, ಅವ್ವ ಮಾಡಿ ಕಳಿಸ್ಯಾಳ. ನಿನ್ನೆ ರಾತ್ರಿ ಗಾಡಿಗೆ ಬಂದೆ. ಬೆಳಿಗ್ಗೆ ಪಾರಣಿಗೆ ತಡ ಆಗಬಾರ್ದಂತ ಮಠದಾಗ ಮಲಗಿ, ಅಲ್ಲೇ ಉಂಡು ಬಂದೆ."

ಅಂಬೂ ತಿರುಗಿದಳು. "ಏನಂದಿ? ಯಾವ ಅಧಿಕ ಮಾಸ? ಯಾವ ಪಾರಣಿ?"

"ಅಕ್ಕಾ, ಈ ಸರ್ತಿ ಅಧಿಕ ಆಷಾಢ ಅಲ್ಲೇನು? ಪ್ರಥಮೈಕಾದಶಿ ಬರ್ಲಿಕ್ಕೆ ಇನ್ನ ಒಂದು ತಿಂಗಳದ. ನಿನ್ನೆ ಶುಕ್ರವಾರ ಸಾದಾ ಏಕಾದಶಿ. ಇವತ್ತು ದ್ವಾದಶಿ."

"ನಿನ್ನೆ?" ಎಂದಳು ಅಂಬೂ. "ಇವರು ಮೊನ್ನೆ ಅಂದ್ರಲ್ಲ!"

ಮೂರು ಜನರ ಆರು ಕಣ್ಣು ನನ್ನ ಮೇಲೆ ಬಿದ್ದವು. ನನ್ನ ನಾಲಿಗೆ ಯಾವತ್ತೂ ನನ್ನನ್ನು ಕೈಬಿಟ್ಟದ್ದಿಲ್ಲ. "ನರಸಿಂಹಾ, ನೀವು ಹಳ್ಳಿಯವರು," ಎಂದೆ. "ಮದ್ದಿಕೇರಕ್ಕ ಚಂದ್ರ ಒಂದು ದಿನ ತಡಾ ಮಾಡಿ ಬರ್ತಾನ. ಗುಂತಕಲ್ಲಿನಾಗ ಗಾಡಿ ಬದಲಿ ಮಾಡಬೇಕಲ್ಲ."

ಯಾರೂ ನಗಲಿಲ್ಲ. ನಾನು ಮನಸ್ಸಿನಲ್ಲೇ ದಿನ ಎಣಿಸಿದೆ. ಶುಕ್ರವಾರ ನಿಜವಾದ ಏಕಾದಶಿಯಾದರೆ, ನನ್ನ ಮಾತು ಕೇಳಿ ಅತ್ತೆ ಗುರುವಾರ ಹಿಡಿದ ಉಪವಾಸ ಬರೀ ದಶಮಿಯ ಉಪವಾಸ. ನಲವತ್ತೊಂದು ವರ್ಷ. ಪ್ಲೇಗಿನ ಗುಡಿಸಲು. ತೋರಿಸಲಿಕ್ಕೆ ಇದ್ದದ್ದು ಅದೊಂದೇ.

ಆಗ ಹಿತ್ತಲ ಬಾಗಿಲಿನಿಂದ ಹುಸೇನಮ್ಮ ಬಂದಳು. ಬಗಲಲ್ಲೊಂದು ಕುರಿಮರಿ, ಕೈಯಲ್ಲಿ ಹರಿದ ಕಾಗದದ ಕಟ್ಟು.

"ತಪ್ಪಾಗೈತಿ ಸಾಮೀ, ಕ್ಷಮಿಂಚಂಡಿ," ಎಂದಳು. "ನೀವು ನಮ್ಮ ಕುರಿದೊಡ್ಡಿ ಸೂರಿನಾಗ ಸಿಗಿಸಿಟ್ಟಿದ್ರಲ್ಲ, ದೇವರ ಪುಸ್ತಕ. ಈ ಮುಂಡೇದು ಎಳ್ಕೊಂಡು ಅರ್ಧಾ ತಿಂದೈತಿ. ಕೆಂಡಕ ಬಂದಾಗ ನೀವು ಅದನ್ನ ತೆಗದು ಓದ್ತಿದ್ರಿ ಅಂತ ನಾ ಒಂದಿನಾನೂ ಮುಟ್ಟಿದ್ದಿಲ್ಲ ಸಾಮೀ, ಆಣಿ ಮಾಡಿ ಹೇಳ್ತೀನಿ."

ನರಸಿಂಹ ಅದನ್ನು ಇಸಿದುಕೊಂಡು ರಟ್ಟು ನೋಡಿದ. "ಪ್ರಮೋದೂತ ನಾಮ ಸಂವತ್ಸರ," ಎಂದು ಓದಿದ. "ಭಾವಾ, ಇದು ಹೋದ ವರ್ಷದ ಪಂಚಾಂಗ."

"ಮರಿ ತಿಂದದ್ದು ಶ್ರಾವಣದಿಂದ ಮುಂದಿಂದು," ಎಂದೆ. ಇನ್ನೇನು ಹೇಳಲಿ?

"ಬೆರಳಿನ ಲೆಕ್ಕ ಅಂದ್ರ ಇದೇನ್ರಿ?" ಎಂದಳು ಅಂಬೂ. ಆಕೆಯ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬರೀ ದಣಿವಿತ್ತು.

ಇನ್ನು ಅಡಗಿಸಿ ಉಪಯೋಗವಿಲ್ಲ. ಹೋದ ವರ್ಷದ ಯುಗಾದಿಗೂ ಈ ವರ್ಷದ ಯುಗಾದಿಗೂ ಹನ್ನೊಂದು ದಿನದ ಅಂತರ ಎಂದು ನಾನು ನೋಡಿಕೊಂಡಿದ್ದೆ. ಹಾಗಾದರೆ ಎಲ್ಲ ತಿಥಿಯೂ ಹನ್ನೊಂದು ದಿನ ಮೊದಲು ಬರಬೇಕಲ್ಲ! ಹಳೆಯ ಪಂಚಾಂಗ ನೋಡಿ ಹನ್ನೊಂದು ಕಳೆಯುತ್ತಿದ್ದೆ. ತಿಥಿಯೆಂಬುದು ಮಿಲ್ಲಿನ ಹತ್ತಿ ಮೂಟೆಯ ಹಾಗೆ ಒಂದೇ ತೂಕದ್ದಲ್ಲ, ಒಂದು ಉದ್ದ ಒಂದು ಗಿಡ್ಡ ಎಂಬುದು ನನಗೆ ಗೊತ್ತಿರಲಿಲ್ಲ. ಅಧಿಕ ಮಾಸವಂತೂ ಹಳೆಯ ಪಂಚಾಂಗದಲ್ಲಿ ಇರಲೇ ಇಲ್ಲ. ಇಷ್ಟನ್ನೂ ಅವರೆದುರು ಹೇಳಿದೆ. ಹೇಳಿ, ಅತ್ತೆಯ ಮುಂದೆ ಮೊಣಕಾಲೂರಿ ಕುಳಿತು, "ಅತ್ಯಾ, ನಿಮ್ಮ ಏಕಾದಶಿ ನಾ ಕೆಡಿಸಿದೆ," ಎಂದೆ. ಆ ಮಾತಿನಲ್ಲಿ ಒಂದಕ್ಷರವನ್ನೂ ನಾನು ಹಿಗ್ಗಿಸಿಲ್ಲ.

"ಏನೂ ಕೆಟ್ಟಿಲ್ಲ, ಏಳು," ಎಂದರು ಅತ್ತೆ. "ಶುಕ್ರವಾರಾನೂ ನಾ ಉಂಡಿಲ್ಲ."

ಯಾರಿಗೂ ಅರ್ಥವಾಗಲಿಲ್ಲ.

"ಯುಗಾದಿ ಆದ ಮ್ಯಾಲೆ ಮೊದಲನೇ ಸರ್ತಿ ನೀ ಕೂಗಿದಾಗ ನಾ ರಾತ್ರಿ ಚಂದ್ರನ್ನ ನೋಡಿದೆ. ಏಕಾದಶಿ ಚಂದ್ರ ನನಗ ಗೊತ್ತಿಲ್ಲೇನೋ? ಅಂವಾ ಇನ್ನ ಸಣ್ಣವಿದ್ದ. ಅನುಮಾನ ಬಂತು. ಅವತ್ತಿನಿಂದ ನೀ ಹೇಳಿದ ದಿನಾನೂ ಹಿಡಿದೆ, ಮರುದಿನಾನೂ ಹಿಡಿದೆ. ತೀರ್ಥ ತೊಗೊಂಡ್ರ ಏಕಾದಶಿ ಇದ್ರೂ ಉಪವಾಸ ಮುರಿಯೂದಿಲ್ಲ, ದ್ವಾದಶಿ ಇದ್ರ ಅದ ಪಾರಣಿ ಆಗ್ತದ."

ಅಂಬೂ ಬೆರಳು ಮಡಚಿದಳು. "ಯುಗಾದಿಯಿಂದ ಏಳು ಏಕಾದಶಿ. ಏಳು ಸರ್ತಿ ಎರಡೆರಡು ದಿನ ಉಪವಾಸ," ಎಂದಳು. ನನ್ನ ಉಳಿತಾಯದ ಅಕ್ಕಿ ಎಲ್ಲಿಂದ ಬಂತೆಂದು ಆಗ ನನಗೆ ಕಂಡಿತು.

"ಕೇಳಬಾರದಿತ್ತೇನು, ಅತ್ಯಾ?" ಎಂದೆ. "'ಲೆಕ್ಕ ತಪ್ಪಿದಿ' ಅಂತ ಒಂದು ಮಾತು."

"ಕೇಳಿದ್ರ ನೀ ಇನ್ನೊಂದು ಸುಳ್ಳು ಹೇಳ್ತಿದ್ದಿ. ಮತ್ತ ಮುತ್ತಜ್ಜ, ಮತ್ತ ಗ್ರಹಣ." ಅತ್ತೆ ಉಸಿರು ತೆಗೆದುಕೊಂಡರು. "ನಿನ್ನ ಸುಳ್ಳು ಕೇಳೋದಕ್ಕಿಂತ ಉಪವಾಸ ಸುಲಭ, ವೆಂಕೋಬಾ. ಮಂದೀನ ಕೇಳ್ಲೇನು ಅಂದ್ರ, ನಮ್ಮ ಮನ್ಯಾಗ ಪಂಚಾಂಗಕ್ಕ ಗತಿ ಇಲ್ಲ ಅಂತ ಊರಿಗೆ ನಾನ ಸಾರಿದಂಗ ಆಗ್ತದ."

ಅಂಬೂ ಅವರನ್ನು ಎಬ್ಬಿಸಿ ಸ್ನಾನಕ್ಕೆ ಕರೆದೊಯ್ದಳು. ಹೋಗುವಾಗ ತಿರುಗಿ, "ಆ ಬೆಂಕಿಪೊಟ್ಟಣ ಸುದ್ದಾ ತೆಗೀರಿ ಹೊರಗ," ಎಂದಳು. "ಕಡ್ಡಿ ಉಳಿದಾವ, ಹೆಚ್ಚಾಗ್ಯಾವ ಅಂತ ಮಿಲ್ಲಿನ ತುಂಬ ಹೇಳ್ಕೊಂಡು ಬಂದೀರಂತ. ನೀವು ತರೋ ಕೆಂಡ ನಮ್ಮ ಬಾಗಿಲಿಗೆ ಬರೋದ್ರಾಗ ಬೂದಿ ಆಗಿರ್ತಿತ್ತು. ದಿನಾ ನಾನ ಗೀರಿ ಒಲಿ ಹಚ್ಚಿ, ನಾನ ಕಡ್ಡಿ ತಂದು ತುಂಬಿಸಿಟ್ಟೀನಿ. ಹೋದ ವಾರ ಎರಡು ಹೆಚ್ಚಿಗಿ ಬಿದ್ದಾವ."

ಹದಿನಾಲ್ಕು ತಿಂಗಳೂ ಅಲ್ಲ, ಎಂಟು. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನರಸಿಂಹ ಪೇಟೆಗೆ ಓಡಿ ಕಾಫಿಪುಡಿ ತಂದ. ಅತ್ತೆ ಒಂದಿಷ್ಟು ಅನ್ನ ಸಾರು ಉಂಡು, ಒಂದು ಅತಿರಸದ ಚೂರು ತಿಂದು, ಹಿತ್ತಲ ಕಟ್ಟೆಯ ಮೇಲೆ ಲೋಟ ಹಿಡಿದು ಕುಳಿತರು. ಮುಖಕ್ಕೆ ಹಬೆ ಬಡಿಯುತ್ತಿತ್ತು. ನಾನು ಬಿಂದಿಗೆಯ ತಗ್ಗನ್ನು ಸವರುತ್ತ ಅವರ ಕಾಲ ಬಳಿ ಕುಳಿತಿದ್ದೆ.

"ಒಂದು ಕೇಳ್ತೀನಿ," ಎಂದರು. "ಯುಗಾದಿ ದಿನ ಅಂಬೂ ಪಂಚಾಂಗಕ್ಕ ಎರಡಾಣೆ ಕೊಟ್ಟಿದ್ಲು. ಡಬ್ಬ್ಯಾಗ ಹಾಕೀನಿ ಅಂದಿ. ಆ ಡಬ್ಬಿ ಸಪ್ಪಳಾ ನಾ ಒಂದಿನಾನೂ ಕೇಳಿಲ್ಲ. ಏನ್ಮಾಡಿದಿ?"

ಮೂರು ಉತ್ತರಗಳು ತಯಾರಿದ್ದವು. ಒಂದರಲ್ಲಿ ಕುರುಡ ಭಿಕ್ಷುಕನೊಬ್ಬನಿದ್ದ, ಬಹಳ ಚೆನ್ನಾಗಿತ್ತು. ಬಾಯಿ ತೆರೆದೆ. ಅತ್ತೆ ಕಾಯುತ್ತಿದ್ದರು, ಸುಳ್ಳು ಬಂದರೆ ಅದನ್ನೂ ಕೇಳಿಕೊಂಡು ಸುಮ್ಮನಿರುವ ಮುಖ ಮಾಡಿಕೊಂಡು.

"ಸ್ಟೇಷನ್ ಹತ್ರ ಹೋಟೆಲಿನಾಗ ಕಾಫಿ ಕುಡಿದೆ, ಅತ್ಯಾ," ಎಂದೆ. "ಎರಡು ಸರ್ತಿ. ಉಳಿದದ್ದಕ್ಕ ಒಂದು ದೋಸೆ ತಿಂದೆ. ಡಬ್ಬ್ಯಾಗ ಏನೂ ಇಲ್ಲ. ಯಾವತ್ತೂ ಇದ್ದಿಲ್ಲ."

ಅತ್ತೆ ಲೋಟವನ್ನು ಕೆಳಗಿಟ್ಟರು.

"ಬಿಸಿ ಇತ್ತೇನು?" ಎಂದು ಕೇಳಿದರು.

"ಇತ್ತು," ಎಂದೆ.